ಉತ್ತರ ಸೀಮೆಯ ಖಾಲಿ ಕುರ್ಚಿ

“ಊಟ ತರೋರು ಹಿಂದಿನ ಬಾಗಿಲಿಂದ ಬರಬೇಕು ಅಂತ ಎಷ್ಟು ಸಲ ಹೇಳೋದು ನಿಮಗೆ?”

ರಾಜ್ಯ ಶಿಕ್ಷಣ ಮಂಡಳಿಯ ಬಾಗಿಲ ಕಾವಲಿನವನು ಓಜೆಲ್ಲಾಳ ಮುಖ ನೋಡಲಿಲ್ಲ, ಬಟ್ಟೆಯನ್ನಷ್ಟೇ ನೋಡಿದ. ಬಿಳಿ ಉಡುಪು, ಬಿಳಿ ಕಾಲುಚೀಲ, ಬಿಳಿ ಕೈಗವಸು, ಬಿಳಿ ಟೋಪಿ. ಸಾರೆಲ್ ಬೆಂಡ್ ಎಂಬ ಊರಿನ ಕರಿಯರ ಚರ್ಚಿನಲ್ಲಿ ತಾಯಂದಿರ ಮಂಡಳಿಗೆ ಸೇರಿದ ಹೆಂಗಸರು ತಿಂಗಳ ಮೊದಲ ಭಾನುವಾರ ತೊಡುವ ಉಡುಪು ಅದು. ಗಂಜಿ ಹಾಕಿ, ಎರಡು ಸಲ ಇಸ್ತ್ರಿ ಮಾಡಿ, ಬೆನ್ನಿನಲ್ಲಿ ಸುಕ್ಕು ಬೀಳಬಾರದೆಂದು ನೂರ ಅರವತ್ತು ಮೈಲಿ ಬಸ್ಸಿನಲ್ಲಿ ಒರಗದೆ ಕೂತು ರಾಜಧಾನಿಗೆ ಬಂದಿದ್ದಳು. ನಲವತ್ತೊಂದು ವರ್ಷ ಊರ ಶಾಲೆಯ ಅಡುಗೆಮನೆಯಲ್ಲಿ ಬೆಂದವಳು ನಿಜ. ಆದರೆ ಈ ಬಟ್ಟೆಗೆ ಒಂದು ದಿನವೂ ಒಲೆಯ ಹೊಗೆ ತಾಕಿಸಿದವಳಲ್ಲ.

ಹಿಂದೆ ನಿಂತಿದ್ದ ಹೋಸಿಯಾ ಶಾಲೆಯ ಬಸ್ಸು ಓಡಿಸುವವನು. ಬಾಯಿಗೆ ಲಗಾಮಿಲ್ಲ.

“ಊಟದೋಳಲ್ಲ ಕಣಯ್ಯ ಬೋಳಿಮಗನೆ. ನಿಮ್ಮ ಬೋರ್ಡಿನ ಮೆಂಬರಮ್ಮ ಆಕೆ. ದಾರಿ ಬುಡು.”

ಕಾವಲಿನವನು ನಕ್ಕ. ನಕ್ಕಮೇಲೆ ಅವಳ ಚೀಲ ಸುರಿಸಿದ. ಚರ್ಚಿನ ನಡಾವಳಿ ಪುಸ್ತಕವನ್ನು ತಲೆಕೆಳಗು ಮಾಡಿ ಕೊಡವಿದ. ಕೊನೆಗೆ ಟೋಪಿ ತೆಗೆಯಲು ಹೇಳಿ ಅದರೊಳಗೆ ಕೈ ಆಡಿಸಿದ. ಬಸ್ಸಿನಿಂದ ಇಳಿದ ನಲವತ್ತು ಜನ ಊರವರ ಮುಂದೆ ಅರವತ್ತೆಂಟು ವರ್ಷದ ಹೆಂಗಸು ಬೋಳುತಲೆಯಲ್ಲಿ ನಿಂತಿದ್ದಳು. ಕಾಯಿಲೆಯ ಮದ್ದಿನ ಕಾಟಕ್ಕೆ ಕೂದಲು ಉದುರಿದ್ದು ಅವತ್ತಿನವರೆಗೆ ಊರಿನಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು.

ಹೋಸಿಯಾ ಮೆಂಬರಮ್ಮ ಅಂದದ್ದು ತಮಾಷೆಗಲ್ಲ.

ಎರಡು ವರ್ಷದ ಹಿಂದೆ ರಾಜ್ಯದ ಶಿಕ್ಷಣ ಮಂಡಳಿ, ಮಕ್ಕಳ ಅಂಕ ಸಾಲದೆಂಬ ನೆಪ ಹೇಳಿ, ಊರವರೇ ಓಟು ಹಾಕಿ ಆರಿಸಿದ್ದ ಐವರ ಶಾಲಾ ಸಮಿತಿಯನ್ನು ಕಿತ್ತುಹಾಕಿ ತನ್ನದೊಬ್ಬ ಅಧಿಕಾರಿಯನ್ನು ಕಳಿಸಿತ್ತು. ಅವನು ಮೊದಲು ಪುಸ್ತಕದ ಕೋಣೆಗೆ ಬೀಗ ಹಾಕಿದ, ಆಮೇಲೆ ವಾದ್ಯದ ಕೋಣೆಗೆ. ಈಗ ಶಾಲೆಗೇ ಹಾಕಬೇಕೆಂದು ಬರೆದಿದ್ದ. ಇಂದಿನ ಸಭೆಯಲ್ಲಿ ಅದು ಹನ್ನೊಂದನೆಯ ವಿಷಯ. ಮಂಡಳಿ ಹೂಂ ಅಂದರೆ ಆರು ವರ್ಷದ ಕೂಸುಗಳು ದಿನಾ ನಲವತ್ತೇಳು ಮೈಲಿ ಬಸ್ಸಿನಲ್ಲಿ ಹೋಗಬೇಕು, ಅಷ್ಟೇ ಮೈಲಿ ಬರಬೇಕು.

ಈ ಮಂಡಳಿ ಅಂದರೆ ಯಾರಪ್ಪ, ಇವರನ್ನು ಆರಿಸಿದವರು ಯಾರು ಎಂದು ಹೋಸಿಯಾ ಕಚೇರಿ ಅಲೆದು ಕಾನೂನಿನ ಪ್ರತಿ ತಂದಿದ್ದ. ಒಂಬತ್ತು ಕುರ್ಚಿ. ಐದನ್ನು ತುಂಬುವವನು ಓಟಿನಲ್ಲಿ ಗೆದ್ದು ರಾಜ್ಯ ಆಳುವ ಗವರ್ನರು, ನಾಲ್ಕನ್ನು ಶಾಸನಸಭೆಯ ಎರಡು ಮನೆಗಳ ದೊಡ್ಡವರು. ಮೇಲ್ಮನೆ ತಲೆಯಾಡಿಸಬೇಕು. ಕೂತರೆ ಒಂಬತ್ತು ವರ್ಷ ಯಾರೂ ಎಬ್ಬಿಸುವಂತಿಲ್ಲ. ಒಬ್ಬರು ಮೇಷ್ಟ್ರು, ಒಬ್ಬರು ಹೆಡ್‌ಮಾಸ್ತರು ಇರಬೇಕು, ಮಿಕ್ಕವರು ಒಂದೊಂದು ಸೀಮೆಯ ‘ಸಾಮಾನ್ಯ ಪ್ರಜೆ’ಗಳು. ಜೊತೆಗೆ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿಕೊಳ್ಳುತ್ತಾರೆ, ಅವರು ಮಾತಾಡಬಹುದು, ಓಟಿಲ್ಲ. ಅದನ್ನು ಓದಿದಾಗ ಹೋಸಿಯಾ, “ಅಂಗಾರೆ ನಮ್ಮಂಗೇ ಅನ್ನು,” ಅಂದಿದ್ದ.

ಉತ್ತರ ಸೀಮೆಯ ಸಾಮಾನ್ಯ ಪ್ರಜೆ ಅಂತ ಇಷ್ಟು ದಿನ ಕೂತಿದ್ದವನು ಹತ್ತಿ ಗಿರಣಿಯ ಪ್ರೌಟಿ. ಸಾವಿರಾರು ಎಕರೆಯ ಒಡೆಯ, ಮಕ್ಕಳು ಮೊಮ್ಮಕ್ಕಳೆಲ್ಲ ಬಿಳಿಯರ ಖಾಸಗಿ ಶಾಲೆಯಲ್ಲಿ ಓದಿದವರು. ಅವನು ಸತ್ತು ಹದಿನಾಲ್ಕು ತಿಂಗಳಾದರೂ ಕುರ್ಚಿ ಹಾಗೇ ಇತ್ತು.

ಈ ‘ಸಾಮಾನ್ಯ’ ಎಂಬ ಮಾತೇ ಊರನ್ನು ಎಬ್ಬಿಸಿದ್ದು. ಅವರ ಚರ್ಚಿನ ದಾಖಲೆಯಲ್ಲಿ ಎರಡು ಸಾಲು. ಒಂದರಲ್ಲಿ ದೀಕ್ಷೆ ಪಡೆದ ಪಾದ್ರಿಗಳು, ಇನ್ನೊಂದರಲ್ಲಿ ಸಾಮಾನ್ಯರು. ಅಡುಗೆಯವರು, ಮೀನು ಕಾರ್ಖಾನೆಯಲ್ಲಿ ಮೀನು ಸೀಳುವವರು, ಬಸ್ಸಿನವರು ಎಲ್ಲ ಎರಡನೆಯ ಸಾಲಿನಲ್ಲಿ. ಸರ್ಕಾರದ ಕಾನೂನೇ ‘ಉತ್ತರ ಸೀಮೆಯ ಒಬ್ಬ ಸಾಮಾನ್ಯ ಪ್ರಜೆ’ ಅಂದಮೇಲೆ ಅದು ತಮ್ಮನ್ನೇ ಕರೆದದ್ದೆಂದು ಯಾರಿಗೂ ಅನುಮಾನ ಬರಲಿಲ್ಲ. ಯಾರನ್ನು ಕಳಿಸುವುದು ಎಂಬುದಷ್ಟೇ ಬಾಕಿ. ಪಾದ್ರಿ ಮೇಬೆರಿ ಕಾಲೇಜು ಓದಿದವರು, ನೇಮಿಸುವುದು ಗವರ್ನರು, ನಾವಲ್ಲ ಎಂದು ಬಿಡಿಸಿ ಹೇಳಿದರು. ತಾಯಂದಿರ ಮಂಡಳಿಯ ಹಿರಿಯಳು ಮೋಜೆಲ್ ಎದ್ದು ನಿಂತಳು.

“ನೇಮಿಸ್ಲಿ ಸ್ವಾಮಿ, ಯಾರು ಬ್ಯಾಡ ಅಂದ್ರು? ಯಾರನ್ನ ಅಂತ ಆ ಮಾರಾಯನಿಗೆ ಹೇಳೋರು ಬ್ಯಾಡ್ವಾ?”

ಓಜೆಲ್ಲಾಳ ಹೆಸರು ಎತ್ತಿದವಳೂ ಮೋಜೆಲ್ಲೇ. ಚರ್ಚಿನ ಪದ್ಧತಿಯಂತೆ ಒಬ್ಬರು ಅನುಮೋದಿಸಿದರು, ಬೇಡ ಅನ್ನುವವರಿದ್ದಾರೆಯೇ ಎಂದು ಮೂರು ಸಲ ಕೇಳಿದರು, ಇನ್ನೂರ ಹದಿಮೂರು ಜನ ಎದ್ದು ನಿಂತರು. ನಡಾವಳಿ ಬರೆದು ಗವರ್ನರಿಗೆ, ಮೇಲ್ಮನೆಗೆ, ಶಿಕ್ಷಣ ಮಂಡಳಿಗೆ ರಿಜಿಸ್ಟರ್ ಅಂಚೆ ಹಾಕಿದರು. ಮುಟ್ಟಿದ್ದಕ್ಕೆ ಮೂರು ಚೀಟಿ ವಾಪಸು ಬಂದವು. ಉತ್ತರ ಮಾತ್ರ ಬರಲಿಲ್ಲ.

ಎಲ್ಲರೂ ಎದ್ದು ನಿಂತ ಆ ಹೊತ್ತಿನಲ್ಲಿ ಓಜೆಲ್ಲಾ ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಅಪ್ಪ ನಿಂತಿದ್ದ.

ಅಪ್ಪ ಲೆಮ್ಯುಯೆಲ್ ಗಾರೆ ಕೆಲಸದವನು. ಊರ ಶಾಲೆಯ ಗೋಡೆ ಅವನ ಕೈಯದು. ಆಗೆಲ್ಲ ಮಂಡಳಿಯ ಕುರ್ಚಿಗಳನ್ನು ಜನ ಓಟು ಹಾಕಿ ತುಂಬುತ್ತಿದ್ದರು, ಕರಿಯರ ಕೈಗೆ ಓಟು ಬಂದು ವರ್ಷವಾಗಿತ್ತಷ್ಟೆ. ಓಜೆಲ್ಲಾಗೆ ಒಂಬತ್ತು ವರ್ಷವಿದ್ದಾಗ ಅವನು ಉತ್ತರ ಸೀಮೆಯ ಕುರ್ಚಿಗೆ ನಿಂತ. ಚುನಾವಣೆಗೆ ಹನ್ನೊಂದು ದಿನ ಇರುವಾಗ ಸೇತುವೆಯ ಮೇಲೆ ಅವನ ಟೋಪಿ ಸಿಕ್ಕಿತು. ಮೂರು ದಿನವಾದ ಮೇಲೆ ಸೈಪ್ರೆಸ್ ಮರಗಳ ಜೌಗಿನಲ್ಲಿ ಅವನು ಸಿಕ್ಕಿದ. ಉಣ್ಣೆಯ ಕೋಟು, ಬೂಟು ತೊಟ್ಟುಕೊಂಡು ಈಜಲು ಹೋಗಿ ಮುಳುಗಿದನೆಂದು ಪೊಲೀಸರ ಮುಖ್ಯ ಶೆರಿಫ್ ಬರೆದ. ಮಾರನೆಯ ವರ್ಷವೇ ಕಾನೂನು ತಿದ್ದಿದರು. ಶಿಕ್ಷಣವನ್ನು ರಾಜಕೀಯದಿಂದ ದೂರ ಇಡಬೇಕು, ಆದ್ದರಿಂದ ಇನ್ನು ಮೇಲೆ ಓಟು ಬೇಡ, ನೇಮಕ ಸಾಕು ಎಂದು ಪತ್ರಿಕೆಗಳು ಹೊಗಳಿದವು.

ಅಂದಿನಿಂದ ಅವನು ಬರುತ್ತಲೇ ಇದ್ದ. ಶಾಲೆಯ ಅಡುಗೆಮನೆಯಲ್ಲಿ ಹತ್ತೂವರೆಗೆ ಜೋಳದ ರೊಟ್ಟಿ ಒಲೆಯಿಂದ ಇಳಿಯುವಾಗ ಹಿಟ್ಟಿನ ಡಬ್ಬದ ಹತ್ತಿರ ನಿಂತಿರುತ್ತಿದ್ದ. ಕೋಟಿನಿಂದ ನೀರು ಸುರಿಯುವುದು, ನೆಲ ಒಣಗಿಯೇ ಇರುವುದು. ಏನೋ ಕೇಳುವವನಂತೆ ಬಾಯಿ ತೆರೆಯುತ್ತಿದ್ದ, ಕೇಳುತ್ತಿರಲಿಲ್ಲ. ಮೊದಮೊದಲು ಅವಳಿಗೆ ಎದೆ ಒಡೆಯುವಂತಾಗುತ್ತಿತ್ತು. ಆಮೇಲಾಮೇಲೆ “ವಸಿ ಜರುಗಪ್ಪ,” ಅಂದು ಕೈಚಾಚಿ ಹಿಟ್ಟು ತೆಗೆದುಕೊಳ್ಳುವಳು. ಈ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಇವತ್ತೂ ಅವನು ಬಂದಿದ್ದ. ಸಭೆಯ ಕೋಣೆಯ ಹಿಂದಿನ ಗೋಡೆಗೆ ಒತ್ತಿ, ತೊಟ್ಟಿಕ್ಕುತ್ತ ನಿಂತಿದ್ದ.

ಎದುರಿಗೆ ಎತ್ತರದ ಕಟ್ಟೆ, ಅದರ ಮೇಲೆ ಚರ್ಮದ ಒಂಬತ್ತು ಕುರ್ಚಿ. ಎಂಟರ ಮುಂದೆ ಹೆಸರಿನ ಹಿತ್ತಾಳೆ ಫಲಕ. ಒಂಬತ್ತನೆಯದರ ಮೇಲೆ ಮಿಕ್ಕವರ ಕೋಟು, ಕೊಡೆ, ಒಬ್ಬ ಹೆಂಗಸಿನ ಕೈಚೀಲ ಪೇರಿಸಿದ್ದವು. ಅಧ್ಯಕ್ಷ ಹಾಲ್‌ಸ್ಟೆಡ್ ಮರದ ಮಿಲ್ಲಿನ ಒಡೆಯ, ಗವರ್ನರನ ಚುನಾವಣೆಗೆ ದುಡಿದವನು. ಮಾತಾಡಬೇಕೆನ್ನುವವರು ಕಳೆದ ಶುಕ್ರವಾರದೊಳಗೆ ಕಂಪ್ಯೂಟರಿನಲ್ಲಿ ಹೆಸರು ಕೊಡಬೇಕಿತ್ತೆಂದು ಹೇಳಿ ನಲವತ್ತು ಜನರಲ್ಲಿ ಪಾದ್ರಿಯೊಬ್ಬರನ್ನೇ ಕರೆದ. ಮೂರು ನಿಮಿಷ. ಪಾದ್ರಿ ಮಕ್ಕಳ ವಿಷಯ ಮುಗಿಸಿ ಖಾಲಿ ಕುರ್ಚಿಯ ವಿಷಯಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿದರು. ಮೈಕು ಸತ್ತುಹೋಯಿತು.

“ಉತ್ತರ ಸೀಮೆಗೆ ತಕ್ಕ ಯೋಗ್ಯ ವ್ಯಕ್ತೀನ ಗವರ್ನರ್ ಇನ್ನೂ ಹುಡುಕ್ತಾ ಇದ್ದಾರೆ,” ಅಂದ ಹಾಲ್‌ಸ್ಟೆಡ್. “ಅಲ್ಲಿ ಅಂಥವರು ಸಿಗೋದು ಸ್ವಲ್ಪ ಕಷ್ಟ.” ಕಟ್ಟೆಯ ಮೇಲೆ ಒಂದಿಬ್ಬರು ನಕ್ಕರು.

ಓಜೆಲ್ಲಾ ಎದ್ದಳು. ತಾನು ಶಾಲೆಯ ಅಡುಗೆಯವಳು, ತನ್ನನ್ನು ಊರು ಆರಿಸಿದೆ, ನಡಾವಳಿ ಇಲ್ಲಿದೆ ಎಂದು ಪುಸ್ತಕ ಎತ್ತಿ ತೋರಿಸಿದಳು.

“ಕೂತ್ಕೊಳ್ಳಿ ಆಂಟಿ,” ಅಂದ ಹಾಲ್‌ಸ್ಟೆಡ್.

ಆಂಟಿ. ಅವಳ ಅಜ್ಜಿಯನ್ನು, ಅವ್ವನನ್ನು ಪ್ರೌಟಿಯ ಮನೆಯವರು ಹಾಗೆಯೇ ಕರೆಯುತ್ತಿದ್ದರು, ಕರಿಯ ಹೆಂಗಸಿಗೆ ಶ್ರೀಮತಿ ಅಂದರೆ ನಾಲಿಗೆ ಸವೆದೀತೆಂದು.

“ಆಯ್ತು, ಕುಂತ್ಕೋತೀನಿ,” ಅಂದಳು ಓಜೆಲ್ಲಾ.

ಆದರೆ ಅವಳಾಗಿ ಹೋಗಿ ಕೂರುವಂತಿಲ್ಲ. ಅವರ ಚರ್ಚಿನಲ್ಲಿ ಯಾರೂ ತಾವಾಗಿ ಕುರ್ಚಿ ಏರುವುದಿಲ್ಲ, ಏರಿದರೆ ಅದು ಕದ್ದ ಹಾಗೆ. ಇಬ್ಬರು ಕೈಹಿಡಿದು ಕರೆದೊಯ್ದು ಕೂರಿಸಬೇಕು. ಮೋಜೆಲ್ ಒಂದು ಕಡೆ ಬಂದಳು, ಎಂಬತ್ತು ದಾಟಿದ ಆರ್ಡಿಸ್ ಇನ್ನೊಂದು ಕಡೆ. ಅವರದೂ ಬಿಳಿ ಉಡುಪು. ಮೂವರೂ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಅವಸರವಿಲ್ಲದೆ ನಡುದಾರಿಯಲ್ಲಿ ನಡೆದರು. ಮೂವರು ಮುದುಕಿಯರನ್ನು ಎಲ್ಲಿ ಹಿಡಿದು ನಿಲ್ಲಿಸಬೇಕೆಂದು ಕಾವಲಿನವನಿಗೆ ತಿಳಿಯಲಿಲ್ಲ. ಮೋಜೆಲ್ ಒಂಬತ್ತನೆಯ ಕುರ್ಚಿಯ ಮೇಲಿನ ಕೋಟುಗಳನ್ನು ಒಂದೊಂದಾಗಿ ಮಡಿಸಿ ಹಾಲ್‌ಸ್ಟೆಡ್‌ನ ಮುಂದೆ ಮೇಜಿನ ಮೇಲಿಟ್ಟಳು. ಆರ್ಡಿಸ್ ಸೀಟನ್ನು ಕರವಸ್ತ್ರದಿಂದ ಒರೆಸಿದಳು. ಓಜೆಲ್ಲಾಳನ್ನು ಕೂರಿಸಿದರು.

ಕೂತು ಅವಳು ಮೊದಲು ನೋಡಿದ್ದು ಹಿಂದಿನ ಗೋಡೆಯನ್ನು. ಅಪ್ಪ ಇರಲಿಲ್ಲ. ಐವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಅವನನ್ನು ಕಣ್ಣಿನಿಂದ ಹುಡುಕಿದಳು. ಸಮಾಧಾನವಾಗಿ ಹೋದನೋ, ಇಲ್ಲ ಇನ್ನು ನಿಲ್ಲುವ ಸರದಿ ನಿನ್ನದು ಎಂದು ಹೋದನೋ ಗೊತ್ತಾಗಲಿಲ್ಲ. ಭಯವಾಯಿತು. ನಿಜವಾಗಿಯೂ ಭಯವಾಯಿತು.

“ಆ ಕುರ್ಚಿ ನಿಮ್ಮದಲ್ಲ,” ಅಂದ ಹಾಲ್‌ಸ್ಟೆಡ್.

“ನಂದಲ್ಲ. ಊರಿಂದು. ನಾನು ಕುಂತಿರಾದು ಅಷ್ಟೆ.”

“ಶಿಕ್ಷಣದ ಬಗ್ಗೆ ನಿಮಗೇನ್ರೀ ಗೊತ್ತು? ಅಡುಗೆ ಮಾಡೋರು ನೀವು.”

ಅವಳು ಸ್ವಲ್ಪ ಯೋಚಿಸಿದಳು. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕೆಂದೇ ಯೋಚಿಸಿದಳು.

“ಸೋಮವಾರ ಯಾವ ಮಗ ಎರಡು ಸಲ ತಟ್ಟೆ ಒಡ್ತದೆ ಅಂತ ಗೊತ್ತು. ಶುಕ್ರವಾರ ಉಂಡು ಹೋದದ್ದು, ಮನೇಲಿ ಏನೂ ಇರಕಿಲ್ಲ. ನೀವು ಆ ಮಗ ದಡ್ಡ ಅಂತ ಬರ್ದಿದ್ದೀರಿ. ಪರೀಕ್ಷೆ ಇಡೋದು ಸೋಮವಾರ ಬೆಳಿಗ್ಗೆ ಎಂಟಕ್ಕೆ. ನಾನು ಊಟ ಇಕ್ಕೋದು ಹನ್ನೊಂದಕ್ಕೆ.”

ಓಟಿಲ್ಲದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬ ಹುಡುಗಿ ತಲೆ ತಗ್ಗಿಸಿ ಮೂಗು ಒರೆಸಿಕೊಂಡಳು. ಹಾಲ್‌ಸ್ಟೆಡ್ ಗುಮಾಸ್ತೆಯತ್ತ ತಿರುಗಿ ಹನ್ನೊಂದನೆಯ ವಿಷಯಕ್ಕೆ ಹಾಜರಿ ಕರೆಯಲು ಹೇಳಿದ. ಗುಮಾಸ್ತೆ ಎಂಟು ಹೆಸರು ಕರೆದಳು, ಎಂಟು ಉತ್ತರ ಬಂದವು.

“ಉತ್ತರ ಸೀಮೆ,” ಅಂದು, ಅಭ್ಯಾಸಬಲದಿಂದ ತಾನೇ ಸೇರಿಸಿದಳು, “ಖಾಲಿ.”

“ಇವ್ನಿ,” ಅಂದಳು ಓಜೆಲ್ಲಾ.

ಗುಮಾಸ್ತೆಯ ಪೆನ್ನು ನಿಂತಿತು. ಅಧ್ಯಕ್ಷನ ಮುಖ ನೋಡಿ ಮತ್ತೆ ಓದಿದಳು. “ಉತ್ತರ ಸೀಮೆ, ಖಾಲಿ.”

“ಇವ್ನಿ ಕಣವ್ವ. ಎದುರಿಗೇ ಕುಂತಿವ್ನಿ. ಕಣ್ಣು ಕಾಣಕಿಲ್ವಾ?”

ಹಾಲ್‌ಸ್ಟೆಡ್ ಎದ್ದ. ಸಭೆಗೆ ಅಡ್ಡಿಯಾಗಿರುವುದರಿಂದ ಪಕ್ಕದ ಕೋಣೆಯಲ್ಲಿ ಮುಂದುವರಿಸುವುದಾಗಿ ಸಾರಿದ. ಎಂಟು ಜನ ತಮ್ಮ ಕೋಟುಗಳನ್ನು ಎತ್ತಿಕೊಂಡು ಗಾಜಿನ ಗೋಡೆಯ ಆಚೆಗೆ ಹೋಗಿ ಬಾಗಿಲು ಹಾಕಿಕೊಂಡರು, ವಿದ್ಯಾರ್ಥಿಗಳನ್ನೂ ಗುಮಾಸ್ತೆಯನ್ನೂ ಕರೆದುಕೊಂಡು. ಕಾವಲಿನವನು ವೈರ್‌ಲೆಸ್ಸಿನಲ್ಲಿ ಪೊಲೀಸರನ್ನು ಕರೆದ. ಆಮೇಲೆ ದೀಪಗಳನ್ನು ಒಂದೊಂದೇ ಸಾಲಾಗಿ ಆರಿಸತೊಡಗಿದ. ಊರವರು ಬೆಂಚುಗಳ ಮೇಲೆ ಅಲುಗದೆ ಕೂತಿದ್ದರು.

“ಈಗೇನವ್ವ ಮಾಡಾದು?” ಅಂದ ಹೋಸಿಯಾ. “ಬಡ್ಡಿಮಕ್ಳು ಎದ್ದೇ ಹೋದ್ರಲ್ಲ.”

ಓಜೆಲ್ಲಾ ಗುಮಾಸ್ತೆ ಬಿಟ್ಟುಹೋದ ವಿಷಯಪಟ್ಟಿಯನ್ನು ಎತ್ತಿಕೊಂಡಳು. ನಾನೂರು ಮಕ್ಕಳಿಗೆ ಕೇಳುವಂತೆ ಕೂಗಿ ಅಭ್ಯಾಸವಿದ್ದ ಗಂಟಲಿಗೆ ಮೈಕು ಬೇಕಿರಲಿಲ್ಲ.

“ಹಾಲ್‌ಸ್ಟೆಡ್,” ಎಂದು ಕರೆದಳು. ಯಾರೂ ಓಗೊಡಲಿಲ್ಲ. “ಗೈರುಹಾಜರಿ. ಬರಕೊ ಮೋಜೆಲ್.”

ಫಲಕಗಳ ಮೇಲಿನ ಎಂಟು ಹೆಸರನ್ನೂ ಕೂಗಿದಳು. ಎಂಟು ಸಲವೂ ಖಾಲಿ ಕುರ್ಚಿಯ ಕಡೆ ತಿರುಗಿ, ಉಸಿರು ಎಣಿಸುವಷ್ಟು ಹೊತ್ತು ಕಾದು, ಗೈರುಹಾಜರಿ ಅಂದಳು. ಮೋಜೆಲ್ ಚರ್ಚಿನ ಪುಸ್ತಕದಲ್ಲಿ ಬರೆದುಕೊಂಡಳು.

“ಹನ್ನೊಂದು. ಸಾರೆಲ್ ಬೆಂಡ್ ಶಾಲೆ ಮುಚ್ಚಬೇಕು ಅನ್ನೋರು ಎದ್ದು ನಿಂತ್ಕಳಿ.”

ನಲವತ್ತು ಜನರಲ್ಲಿ ಯಾರೂ ಏಳಲಿಲ್ಲ. ಅದೇ ಹೊತ್ತಿಗೆ ಗಾಜಿನ ಆಚೆ ಬೆಳಕಿನಲ್ಲಿ ಕೈಗಳು ಮೇಲೆದ್ದವು. ಒಂದು, ಎರಡು, ಆಮೇಲೆ ಎಂಟೂ. ಗುಮಾಸ್ತೆ ಏನೋ ಬರೆಯುವುದು ಕಂಡಿತು, ಧ್ವನಿ ಈಚೆ ಬರಲಿಲ್ಲ. ಮೋಜೆಲ್ ತನ್ನ ಪುಸ್ತಕದಿಂದ ತಲೆ ಎತ್ತಲಿಲ್ಲ, ಬರೆದದ್ದಕ್ಕೆ ಅಡಿಗೆರೆ ಎಳೆದು ಮುಗಿಸಿದಳು.

ಹೊರಗಿನ ಓಣಿಯಲ್ಲಿ ಬೂಟುಗಳ ಸದ್ದು ಹತ್ತಿರವಾಯಿತು. ನಾಲ್ಕೈದು ಜನ ಇರಬಹುದು. ಕೊನೆಯ ಸಾಲಿನ ದೀಪವೂ ಆರಿತು.

“ಅವ್ವ, ಬಂದ್ರು,” ಅಂದ ಹೋಸಿಯಾ.

ಓಜೆಲ್ಲಾ ಪಟ್ಟಿಯನ್ನು ಅವನ ಕಡೆ ನೂಕಿದಳು.

“ನಂಗೆ ಕತ್ಲೇಲಿ ಅಕ್ಷರ ಕಾಣಕಿಲ್ಲ,” ಅಂದಳು. “ಹನ್ನೆರಡನೇ ವಿಷ್ಯ ಓದು.”