ಗದ್ದಲದ ಗಲ್ಲಿ

ಗಡಿಯಾಚೆಯ ಇಚಲಕರಂಜಿಯ ಜೋಡಬಾವಿ ಗಲ್ಲಿಯವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಹೆಣ್ಣು ನೋಡಲು ಹೊರಟ ಹುಡುಗನಿಗೆ ಮನೆಯವರು ಹೇಳುವ ಮೊದಲ ಬುದ್ಧಿಯೇ ‘ಅಲ್ಲಿ ಹೋಗಿ ಒದರಬ್ಯಾಡ’ ಎಂಬುದು. ಮನೆಮನೆಯ ಪಡಸಾಲೆಯಲ್ಲೂ ಎರಡೋ ನಾಲ್ಕೋ ಕರೆಂಟಿನ ಮಗ್ಗ. ಅವುಗಳ ಖಟಾಖಟಿಯ ಮೇಲೆ ದನಿಯೆತ್ತಿ ಮಾತಾಡಿ ಮಾತಾಡಿ ತಲೆಮಾರುಗಳ ಗಂಟಲು ಗಡುಸಾಗಿದೆ. ಜಗಳವೂ ಅಕ್ಕರೆಯೂ ಬೀದಿಗೆಲ್ಲ ಕೇಳುವುದರಿಂದ ಅಲ್ಲಿ ಯಾರ ಮನೆಯಲ್ಲೂ ಗುಟ್ಟು ಎಂಬುದಿಲ್ಲ.

ಗಲ್ಲಿಯನ್ನು ಮೊದಲು ಕಟ್ಟಿದವರು ರಬಕವಿ, ಬನಹಟ್ಟಿ ಕಡೆಯಿಂದ ಬಂದ ಲಿಂಗಾಯತ ನೇಕಾರರು. ಶಿರೋಳ ಭಾಗದ ಜೈನ ಒಕ್ಕಲುಮನೆತನಗಳು ಆಮೇಲೆ ಬಂದವು. ಮೊದಲು ಬಂದವರು ಒಂದು ಬಾವಿ ತೋಡಿದರು, ಹಿಂದಿನಿಂದ ಬಂದವರು ಅದರ ಪಕ್ಕದಲ್ಲೇ ಇನ್ನೊಂದು ತೋಡಿದರು. ಕೆಲವು ವರ್ಷಗಳಲ್ಲಿ ಯಾವ ಬಾವಿ ಯಾರದೆಂಬುದು ಮರೆತೇಹೋಯಿತು. ಈಗ ಎರಡರ ಮೇಲೂ ಕಾಂಕ್ರೀಟು ಬಿದ್ದು, ಒಂದರ ಮೇಲೆ ನೀರಿನ ಟಾಕಿ ನಿಂತಿದೆ, ಇನ್ನೊಂದರ ಮೇಲೆ ಕಾಯಿಪಲ್ಲೆ ಮಾರುವವಳು ಕೂಡುತ್ತಾಳೆ. ಗಲ್ಲಿಯವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಅಂಗಡಿಯಲ್ಲಿ ಮರಾಠಿ ಆಡುತ್ತಾರೆ, ಸಿಟ್ಟು ಬಂದರೆ ಎರಡನ್ನೂ ಆಡುತ್ತಾರೆ.

ರತ್ನಮಾಲಾ ಅಕಿವಾಟದಿಂದ ಈ ಗಲ್ಲಿಗೆ ಸೊಸೆಯಾಗಿ ಬಂದವಳು. ಬಂದ ಹೊಸತರಲ್ಲಿ ಕಿವಿಗೆ ಅರಳೆ ತುರುಕಿಕೊಂಡು ಮಲಗುತ್ತಿದ್ದಳು. ಹೊಲದ ಗಾಳಿಯ ಸದ್ದಲ್ಲದೆ ಬೇರೆ ಸದ್ದು ಕೇಳಿರದ ಹುಡುಗಿಗೆ ತಾನು ಗಿರಣಿಯೊಳಗೆ ಬಿದ್ದೆ ಅನ್ನಿಸಿತ್ತು. ಈಗ ಅವಳಿಗೆ ಅರವತ್ತರ ಹತ್ತಿರ ವಯಸ್ಸು. ಗಂಡ ತೀರಿಕೊಂಡ ಮೇಲೆ ನಾಲ್ಕು ಮಗ್ಗಗಳನ್ನು ತಾನೇ ನಡೆಸಿ ಮಗ ಅತುಲನನ್ನು ಬೆಳೆಸಿದಳು. ಮಗ್ಗ ರಿಪೇರಿಯಲ್ಲಿ ಅತುಲನ ಕೈ ಒಳ್ಳೆಯದು, ಊರೆಲ್ಲ ಕರೆಯುತ್ತಾರೆ.

ಗಲ್ಲಿಯ ತುದಿಯಲ್ಲಿ ನೂಲಿಗೆ ಗಂಜಿ ಹಾಕುವ ಹಳೆಯ ಶೆಡ್ಡೊಂದಿತ್ತು. ಅದು ಮುಚ್ಚಿದ ಮೇಲೆ ಸೂರಜ ಅದನ್ನು ಕೊಂಡ. ಸೂರಜ ಹೊರಗಿನವನಲ್ಲ. ಅವನಪ್ಪ ಇದೇ ಗಲ್ಲಿಯಲ್ಲಿ ನೇಯ್ದವನು. ಚಿಕ್ಕಂದಿನಲ್ಲಿ ಸೂರಜ ರತ್ನಮಾಲಾಳ ಕಟ್ಟೆಯ ಮೇಲೆ ಕೂತು ಊಟ ಮಾಡಿದವನು. ದೊಡ್ಡವನಾಗಿ ಉಸುಕು ಸಿಮೆಂಟಿನ ವ್ಯಾಪಾರಕ್ಕಿಳಿದ, ಬಿಲ್ಡರ್ ಆದ, ಊರ ಹೊರಗೆ ಬಂಗಲೆ ಕಟ್ಟಿಸಿದ. ಶೆಡ್ಡಿನ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡ ಎದ್ದಿತು. ಮನೆ ಕೊಂಡವರು ಬಂದು ತುಂಬಿದರು. ತಿಂಗಳೊಪ್ಪತ್ತಿನಲ್ಲಿ ಅವರ ದೂರು ಸರಕಾರಿ ಕಚೇರಿ ಮುಟ್ಟಿತು: ಮಗ್ಗಗಳ ಗದ್ದಲದಿಂದ ಬಾಳುವುದು ಕಷ್ಟವಾಗಿದೆ, ಅವನ್ನು ಊರ ಹೊರಗಿನ ಕೈಗಾರಿಕಾ ವಸಾಹತಿಗೆ ಸಾಗಿಸಬೇಕು.

ಗಲ್ಲಿಯ ಗಂಡಸರು ಟಾಕಿಯ ಕೆಳಗೆ ನಿಂತು ಕೂಗಾಡಿದರು. ರತ್ನಮಾಲಾ ಕೂಗಾಡಲಿಲ್ಲ. ಸೆರಗು ಸರಿಮಾಡಿಕೊಂಡು ಕಟ್ಟಡದ ಮೆಟ್ಟಿಲು ಹತ್ತಿ, ದೂರಿಗೆ ಮೊದಲು ಸಹಿ ಹಾಕಿದವರು ಯಾರೆಂದು ಕೇಳುತ್ತ ಒಂದು ಬಾಗಿಲ ಮುಂದೆ ನಿಂತಳು. ಬಾಗಿಲು ತೆರೆದವಳು ಸ್ನೇಹಲ, ಗಡಹಿಂಗ್ಲಜದ ಹುಡುಗಿ. ಹೆಗಲ ಮೇಲೆ ಹಸುಗೂಸು, ಕಣ್ಣಡಿಯಲ್ಲಿ ಕಪ್ಪು.

“ನೀವಾ ಏನ್ವಾ ಸಹಿ ಮಾಡಿದವರು?” ರತ್ನಮಾಲಾ ಕೇಳಿದಳು. ಕೂಸು ಬೆಚ್ಚಿ ಅಳತೊಡಗಿತು.

“ಹೌದ್ರಿ ಮಾವಶಿ, ನಾನ,” ಎಂದಳು ಸ್ನೇಹಲ. ಅವಳು ಹೆದರಲಿಲ್ಲ. “ಕೂಸು ಮಲಗೂದಿಲ್ರಿ. ಈಗರ ಕಣ್ಣು ಮುಚ್ಚತು ಅನ್ನೂದ್ರಾಗ ನಿಮ್ಮ ಮಗ್ಗ ಶುರು ಆಕ್ಕಾವು. ನಾ ಏನ್ ಮಾಡ್ಲಿ ಹೇಳ್ರಿ.”

ರತ್ನಮಾಲಾ ಆ ಮಗುವನ್ನು ನೋಡಿದಳು. “ರಾತ್ರಿ ಹತ್ತರ ಮ್ಯಾಲ ನಮ್ಮನಿ ಮಗ್ಗ ನಿಲ್ಲತಾವು. ಉಳದವರಿಗೂ ಹೇಳ್ತೀನಿ. ಆದ್ರ ಹಗಲಿನ್ಯಾಗ ನಿಲ್ಲೂದಿಲ್ಲ ತಂಗಿ. ಅದನ್ನ ಕೇಳಬ್ಯಾಡ,” ಎಂದು ಇಳಿದುಬಂದಳು.

ಅತುಲ ಸಿಟ್ಟಾದ. “ರಾತ್ರಿಪಾಳಿ ಬಿಟ್ರ ಹೊಟ್ಟಿಗೇನ್ ತಿನ್ನೂದವ್ವಾ?”

“ಕೂಸಿನ ನಿದ್ದಿ ತಿಂದು ಹೊಟ್ಟಿ ತುಂಬಸ್ಕೊಳ್ಳೂದು ಬ್ಯಾಡ,” ಎಂದಳು ತಾಯಿ. ಬೈಯುತ್ತ, ಗೊಣಗುತ್ತ ಗಲ್ಲಿಯವರೆಲ್ಲ ಒಪ್ಪಿದರು. ಅಂದಿನಿಂದ ಹತ್ತರ ಮೇಲೆ ಜೋಡಬಾವಿ ಗಲ್ಲಿ ನಿಶ್ಶಬ್ದವಾಗತೊಡಗಿತು.

ಆದರೂ ದೂರು ಹಿಂದಕ್ಕೆ ಹೋಗಲಿಲ್ಲ. ಒಂದು ಮುಂಜಾನೆ ಸೂರಜನೇ ರತ್ನಮಾಲಾಳ ಮನೆಗೆ ಬಂದ. ಕಟ್ಟೆಯ ಮೇಲೆ ಕೂತು ಬೂಟಿನ ಧೂಳು ಝಾಡಿಸಿದ.

“ಕಾಕೂ, ನಾ ನಿಮ್ಮ ಹುಡುಗನ ಅಲ್ಲೇನ್ರಿ? ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ. ಕಚೇರಿಯವರು ಕರೆಂಟ್ ಕಡೀತಾರ. ಆಮ್ಯಾಲ ಈ ಮನಿಗಿ ಕಿಮ್ಮತ್ತು ಇರೂದಿಲ್ಲ. ಈಗ ಕೊಡ್ರಿ, ಇಡೀ ಗಲ್ಲಿ ತಗೋತೀನಿ. ನಿಮಗ ಹೊಸಾ ಕಟ್ಟಡದಾಗ ಒಂದು ಫ್ಲ್ಯಾಟ್. ಲಿಫ್ಟ್ ಇರತೈತಿ.”

“ಇಡೀ ಗಲ್ಲಿ ತಗೊಂಡು ಏನ್ ಮಾಡಾಂವ?”

“ದೊಡ್ಡ ಕಾಂಪ್ಲೆಕ್ಸ್ ಮಾಡ್ತೀನ್ರಿ. ಅದಕ್ಕ ಜೋಡಬಾವಿ ಅಂತನ ಹೆಸರಿಡ್ತೀನಿ.”

“ಸತ್ತವರ ಹೆಸರು ಇಡೂದು ಗೊತ್ತೈತಿ. ನಾವಿನ್ನೂ ಬದುಕೇವಿ. ಏಳು,” ಎಂದಳು ರತ್ನಮಾಲಾ.

ಅವಳ ಮೈದುನ ಜಿನಪಾಲ ಮಾತ್ರ ಸೂರಜನಿಗೆ ಹೂಂ ಅಂದುಬಿಟ್ಟಿದ್ದ. ಪಕ್ಕದ ಮನೆಯೇ ಅವನದು. ಸುದ್ದಿ ತಿಳಿದು ರತ್ನಮಾಲಾ ಹೋಗಿ ಕೇಳಿದಾಗ ಜಿನಪಾಲ ತಲೆತಗ್ಗಿಸಿ ಕೂತಿದ್ದ. “ನನ್ನ ಕಿವಿ ಹೋಗ್ಯಾವು ವೈನಿ. ಮಗ್ಗದ ಮುಂದ ನಿಂತು ನಿಂತು ಮೊಣಕಾಲೂ ಹೋದೂ. ನನಗಿನ್ನ ಶಾಂತಿ ಬೇಕು.”

“ಕಿವಿ ಹೋದ ಮ್ಯಾಲ ಶಾಂತಿ ತಗೊಂಡು ಏನ್ ಮಾಡ್ತಿಯೋ?” ಎಂದು ಅವಳು ಒದರಿದಳು. ಆಮೇಲೆ ಅವನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ದಣಿದಿದ್ದ, ಅಷ್ಟೇ.

ಮುಂದಿನ ವಾರ ಕಚೇರಿಯ ಜೀಪು ಬಂದಿತು. ಮನೆಯ ದೀಪದ ಮೀಟರು ಬಿಟ್ಟು, ಮಗ್ಗದ ಮೀಟರುಗಳನ್ನಷ್ಟೇ ತೆಗೆದರು. ವಿಚಾರಣೆ ಮುಗಿಯುವವರೆಗೆ ಮಗ್ಗ ನಡೆಸುವಂತಿಲ್ಲ ಎಂದು ಹೇಳಿ ಹೋದರು. ನಡುಮಧ್ಯಾಹ್ನ ಗಲ್ಲಿ ಸತ್ತಂತಾಯಿತು. ನಾಯಿ ಬೊಗಳಿದ್ದು, ನಲ್ಲಿಯ ನೀರು ತೊಟ್ಟಿಕ್ಕಿದ್ದು ಎಲ್ಲ ಕೇಳಿಸತೊಡಗಿತು. ಮಾತಾಡಲು ಬಾಯಿ ತೆರೆದವರು ತಮ್ಮ ದನಿಗೆ ತಾವೇ ನಾಚಿ ಮುಚ್ಚಿಕೊಂಡರು. ದಿನಗಳು ಹಾಗೇ ಹೋದವು. ಸೂರಜನ ಕಡೆಯವರು ಮನೆಮನೆಗೆ ತಿರುಗಿದರು. ಇಬ್ಬರು ಮೂವರು ‘ನೋಡೋಣು’ ಎನ್ನಲು ಶುರುಮಾಡಿದರು.

ಎದುರುಮನೆಯ ಯಮುನಾಬಾಯಿ ಲಿಂಗಾಯತ ನೇಕಾರರ ಮನೆಯ ಹಿರಿಯಳು, ಗಲ್ಲಿಗೆಲ್ಲ ಅಜ್ಜಿ. ಮುದುಕಿ ಒಂದು ದಿನ ಕೋಲೂರುತ್ತ ರತ್ನಮಾಲಾಳ ಪಡಸಾಲೆಗೆ ಬಂದಳು. ನಿಂತ ಮಗ್ಗಗಳನ್ನು ನೋಡಿದಳು, ಸುಮ್ಮನೆ ಕೂತ ರತ್ನಮಾಲಾಳನ್ನು ನೋಡಿದಳು.

“ಯಾರರ ಸತ್ತಾರೇನ ರತ್ನವ್ವಾ?”

“ಕರೆಂಟಿಲ್ಲ ಅಜ್ಜಿ.”

“ನಾ ಈ ಗಲ್ಲಿಗಿ ಬಂದಾಗ ಎಲ್ಲಿತ್ತ ಕರೆಂಟು? ಹಿಂಗ ಕುಂಡರತಿದ್ವೇನು?” ಮುದುಕಿ ಕೋಲಿನಿಂದ ನೆಲದ ಫರಶಿ ಕಲ್ಲನ್ನು ಕುಟ್ಟಿದಳು. “ಇದರ ಬುಡಕ ಏನೈತಿ, ಗೊತ್ತೈತೇನ?”

ರತ್ನಮಾಲಾಳಿಗೆ ಗೊತ್ತಿತ್ತು. ಅತುಲನಿಗೆ ಗೊತ್ತಿರಲಿಲ್ಲ. ಕರೆಂಟಿನ ಮಗ್ಗ ಬರುವ ಮೊದಲು ಈ ಮನೆಗಳಲ್ಲೆಲ್ಲ ಕುಣಿಮಗ್ಗಗಳಿದ್ದವು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ತುಳಿಯುತ್ತ, ಕೈಯಿಂದ ಲಾಳಿ ಎಸೆದು ನೇಯುವ ಮಗ್ಗ. ಆಮೇಲೆ ಕುಣಿಗಳಿಗೆ ಉಸುಕು ತುಂಬಿ ಮೇಲೆ ಕಲ್ಲು ಹಾಸಿದ್ದರು.

“ಕಲ್ಲು ಎತ್ತರ್ಯೋ,” ಎಂದಳು ಯಮುನಾಬಾಯಿ.

“ಅಜ್ಜಿ, ಅದರ ಮ್ಯಾಲ ದಿನಕ್ಕ ಎರಡು ಗಜ ಬಂದ್ರ ಭಾಳ ಆತು,” ಎಂದ ಅತುಲ. “ಅದರಿಂದ ಏನಾಕ್ಕೈತಿ?”

ಉತ್ತರ ಕೊಟ್ಟವಳು ರತ್ನಮಾಲಾ. ಅವಳು ಆಗಲೇ ಎದ್ದು ಸೆರಗು ಸಿಕ್ಕಿಸಿದ್ದಳು. “ಹೊಟ್ಟಿ ತುಂಬೂದಿಲ್ಲೋ, ಹಠಾ ತುಂಬತೈತಿ. ಹಾರಿ ತಗೊಂಡ ಬಾ.”

ಕಲ್ಲು ಎದ್ದವು. ಉಸುಕು ತೋಡಿ ತೋಡಿ ಬೀದಿಗೆ ಹಾಕಿದರು. ಕೆಳಗೆ, ಕಾಲು ತಾಗಿ ತಾಗಿ ನುಣುಪಾಗಿದ್ದ ಕುಣಿಯ ಗೋಡೆ ಕಾಣಿಸಿತು. ಯಮುನಾಬಾಯಿಯ ಅಟ್ಟದ ಮೇಲಿನಿಂದ ಹೊಗೆ ಹಿಡಿದ ಮರದ ಭಾಗಗಳು, ಎಳೆ ಬಡಿದು ಕೂಡಿಸುವ ಹಣಿಗೆ, ಲಾಳಿ ಇಳಿದವು. ಹಗ್ಗಗಳು ಲಡ್ಡಾಗಿದ್ದವು, ಅತುಲ ನೈಲಾನಿನವು ಕಟ್ಟಿದ. ಒಂದು ತುಳಿಹಲಗೆಯನ್ನು ಹುಳು ತಿಂದಿತ್ತು. ಹಳೆಯ ಬಾಗಿಲಿನ ಹಲಗೆ ಕೊಯ್ದು ಹೊಸದು ಮಾಡಿದ. ಕಟ್ಟಿದ್ದು ಹರಿಯಿತು, ಮತ್ತೆ ಕಟ್ಟಿದರು. ಎಳೆ ಜೋಡಿಸುವಾಗ ಮುದುಕಿ ಎರಡು ಸಲ ತಪ್ಪಿದಳು. “ಮರತೀನಲ್ಲೋ ಶಿವನ,” ಎಂದು ಹಣೆ ಬಡಿದುಕೊಂಡು ಮತ್ತೆ ಬಿಚ್ಚಿಸಿದಳು. ಗಲ್ಲಿಯ ಹೆಂಗಸರು ಸರದಿಯಲ್ಲಿ ಬಂದು ಎಳೆ ಹಿಡಿದರು. ಯಾರ ಮನೆಯಲ್ಲಿ ಅಡಿಗೆಯಾಯಿತೋ ಅಲ್ಲಿಂದ ರೊಟ್ಟಿ ಬಂದಿತು.

ಕೊನೆಗೆ ಬಾಗಿಲು ಪೂರಾ ತೆರೆದಿಟ್ಟು ರತ್ನಮಾಲಾ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳು. ಕರೆಂಟಿನ ಮಗ್ಗ ಆಳಿದ ಅವಳಿಗೆ ಇದು ಹೊಸದು. ಮೊದಲು ಲಾಳಿ ಜಾರಿ ನೆಲಕ್ಕೆ ಬಿದ್ದು, ನೋಡುತ್ತಿದ್ದವರು ನಕ್ಕರು. ಆಮೇಲೆ ಹಣಿಗೆ ಬಡಿಯಿತು, ಟಪ್. ಮತ್ತೆ, ಟಪ್. ಸತ್ತಂತಿದ್ದ ಗಲ್ಲಿಯಲ್ಲಿ ಆ ಸಣ್ಣ ಸದ್ದು ಈ ತುದಿಯಿಂದ ಆ ತುದಿಗೆ ಕೇಳಿತು. ಯಮುನಾಬಾಯಿ ಹೊಸ್ತಿಲ ಮೇಲೆ ಕೂತು ಕಣ್ಣೊರೆಸಿಕೊಂಡಳು. ಯಾಕೆಂದು ಕೇಳಿದವರಿಗೆ ಉಸುಕು ಬಿದ್ದಿದೆ ಅಂದಳು.

ಆ ವಾರದೊಳಗೆ ಇನ್ನೂ ಕೆಲವು ಮನೆಗಳ ಕಲ್ಲು ಎದ್ದವು. ‘ನೋಡೋಣು’ ಎಂದಿದ್ದವರು ಆ ಮಾತು ಮರೆತರು. ನೋಡಲು ಜನ ಬರತೊಡಗಿದರು, ಮುರಗೂಡದ ಸಂತೆಗೆ ಹೊರಟವರೂ ಗಾಡಿ ನಿಲ್ಲಿಸಿ ಇಣುಕಿದರು.

ಸೂರಜ ಬಂದು ಬಾಗಿಲಲ್ಲಿ ನಿಂತ. “ಕಾಕೂ, ಇದೇನ್ ನಾಟಕ ಹಚ್ಚೀರಿ?”

“ನಾಟಕ ಅಲ್ಲಪಾ, ನೇಯಾಕತ್ತೇನಿ,” ಎಂದಳು ಅವಳು ತಲೆಯೆತ್ತದೆ. “ಇದಕ್ಕ ಕರೆಂಟ್ ಬೇಕಾಗಿಲ್ಲ. ಏನ್ ಕಡೀತಿ, ಕಾಲು ಕಡೀತಿಯೇನು?”

ಒಂದು ಸಂಜೆ ಕೂಸನ್ನೆತ್ತಿಕೊಂಡು ಸ್ನೇಹಲ ಬಂದಳು. ಬಹಳ ಹೊತ್ತು ನಿಂತು ನೋಡಿದಳು. “ನೀವು ಹತ್ತರ ಮ್ಯಾಲ ನಿಲ್ಲಸೂದು ಶುರು ಮಾಡಿದ ಮ್ಯಾಲ ಕೂಸು ಮಲಗಾಕತ್ತಿತ್ರಿ ಮಾವಶಿ,” ಎಂದಳು. “ಸಹಿ ವಾಪಸ್ ತಗೋತೀನಿ ಅಂದೆ. ಸೂರಜ ಅವರು ಬ್ಯಾಡ ಅಂದ್ರು.”

ರತ್ನಮಾಲಾ ಲಾಳಿ ಹಿಡಿದ ಕೈ ನಿಲ್ಲಿಸಿದಳು. “ಅಂವಗ್ಯಾಕ ಬೇಕಾಗಿತ್ತು ನಿನ್ನ ಸಹಿ?”

ಸ್ನೇಹಲ ಹೇಳಿದಳು. ಮನೆ ತೋರಿಸುವಾಗಲೇ ಸೂರಜ ಕೊಳ್ಳುವವರಿಗೆಲ್ಲ ಮಾತು ಕೊಟ್ಟಿದ್ದನಂತೆ, ವರ್ಷದೊಳಗೆ ಈ ಮಗ್ಗಗಳು ಒಂದೂ ಇರುವುದಿಲ್ಲ, ಗಲ್ಲಿಯೆಲ್ಲ ತೆಗೆದು ತೋಟ ಮಾಡುತ್ತೇನೆ ಎಂದು. ಆಮೇಲೆ ದೂರು ಬರೆಯಿಸಿದವನೂ ಅವನೇ.

“ನನಗ ಕಾಂಪ್ಲೆಕ್ಸ್ ಅಂದ, ನಿಮಗ ತೋಟ ಅಂದ. ಇದನ್ನ ಸಾಹೇಬರ ಮುಂದ ಹೇಳ್ತಿಯೇನವಾ?”

ಸ್ನೇಹಲ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. “ನಮ್ಮ ಮನ್ಯಾಗ ಬ್ಯಾಡ ಅಂತಾರ್ರಿ. ಬಿಲ್ಡರ್ ಜೋಡಿ ಯಾಕ ವೈರ ಅಂತಾರ.” ಕೂಸಿನ ಬೆನ್ನು ತಟ್ಟುತ್ತ ಹೇಳಿದಳು, “ಆದ್ರೂ ಬರ್ತೀನಿ.”

ವಿಚಾರಣೆಯ ದಿನ ಕಚೇರಿಯ ಕೋಣೆ ಸಾಲದೆ ಜನ ವರಾಂಡದಲ್ಲಿ ನಿಂತರು. ಸೂರಜ ಅಧಿಕಾರಿಯ ಮುಂದೆ ಚೆಂದದ ಮರಾಠಿಯಲ್ಲಿ ಮಾತಾಡಿದ. ತನಗೇನೂ ಸ್ವಾರ್ಥವಿಲ್ಲ, ಅಲ್ಲಿ ಬಾಳುವವರ ಕಷ್ಟ ನೋಡಲಾಗದು ಎಂದ. ಆಗ ಸ್ನೇಹಲ ಮುಂದೆ ಬಂದು ನಿಂತಳು. ಒಂದನ್ನೂ ಬಿಡದೆ ಹೇಳಿದಳು. ಅವಳ ಹಿಂದೆ ಅದೇ ಕಟ್ಟಡದ ಇನ್ನೊಬ್ಬಳು, “ಹೋ, ಆಮ್ಹಾಲಾಪಣ ತಸಂಚ ಸಾಂಗಿತಲಂ,” ಎಂದಳು. ನಮಗೂ ಹಾಗೇ ಹೇಳಿದ್ದ. ಮೂರನೆಯವರೂ ಹೌದೆಂದರು. ಸೂರಜ ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

ಅಧಿಕಾರಿ ದೂರಿನ ಕಾಗದ ಬದಿಗಿಟ್ಟರು. ಆಮೇಲೆ, ರಾತ್ರಿ ಹತ್ತರಿಂದ ಮುಂಜಾನೆಯವರೆಗೆ ಮಗ್ಗ ನಡೆಸುವುದಿಲ್ಲವೆಂದರೆ ಮೀಟರು ಮರಳಿ ಕೊಡಿಸುತ್ತೇನೆ ಎಂದರು.

“ಅದನ್ನ ನಾವು ನಿಮಗಿಂತ ಮೊದಲ ಮಾಡೇವ್ರಿ,” ಎಂದಳು ರತ್ನಮಾಲಾ.

ಅಧಿಕಾರಿ ನಕ್ಕು ಇನ್ನೊಂದು ಕೇಳಿದರು: ಐದು ವರ್ಷದಲ್ಲಿ ಊರ ಹೊರಗೆ ಹೋಗುತ್ತೇವೆ ಎಂದು ಗಲ್ಲಿಯವರು ಒಪ್ಪಿಗೆ ಬರೆದುಕೊಟ್ಟರೆ ಎಲ್ಲರಿಗೂ ಒಳ್ಳೆಯದು.

ಜನ ರತ್ನಮಾಲಾಳ ಮುಖ ನೋಡಿದರು. ಅವಳ ದನಿ ಗಲ್ಲಿಯ ದನಿಯೇ, ವರಾಂಡದ ಆಚೆಗೂ ಕೇಳಿತು. “ಇಲ್ರಿ ಸಾಹೇಬ್ರ. ನಮ್ಮ ಹಿರ್ಯಾರು ಬರುಮುಂದ ಯಾರನ್ನೂ ಕೇಳಿ ಬಂದಿಲ್ಲ. ಹೋಗೂದನ್ನ ನಾವು ಬರದು ಕೊಡೂದಿಲ್ಲ. ಮತ್ತ ಮೀಟರ್ ತೆಗಸ್ರಿ ಬೇಕಾದ್ರ. ಕುಣಿ ಅದಾವು.”

ಅಧಿಕಾರಿ ಮತ್ತೆ ಕೇಳಲಿಲ್ಲ. ಮೀಟರುಗಳು ಬಂದವು. ಗಲ್ಲಿಯ ಮಗ್ಗಗಳೆಲ್ಲ ಒಮ್ಮೆಗೇ ಶುರುವಾದ ಮುಂಜಾನೆ ಕಿಟಕಿಗಳು ನಡುಗಿದವು, ಯಮುನಾಬಾಯಿ ಮಾತ್ರ ತಲೆನೋವೆಂದು ಬೈದಳು.

ಎಲ್ಲವೂ ಉಳಿಯಲಿಲ್ಲ. ಜಿನಪಾಲ ಮನೆ ಕೊಟ್ಟು ಕೊಲ್ಹಾಪುರಕ್ಕೆ ಹೋದ. ಹೋಗುವ ದಿನ ವೈನಿಯ ಕಾಲಿಗೆ ಬಿದ್ದ. ಅವಳು ಅವನ ಚೀಲಕ್ಕೆ ರೊಟ್ಟಿ ಚಟ್ನಿ ಕಟ್ಟಿ ಇಟ್ಟಳು. ಮನೆ ಕೆಡವಿ ಸೂರಜ ಆ ಜಾಗಕ್ಕೆ ತಗಡಿನ ಬೇಲಿ ಹಾಕಿಸಿದ, ಕಾವಲಿಗೆ ಒಬ್ಬನನ್ನು ಕೂಡಿಸಿದ. ಇನ್ನಷ್ಟು ಮನೆ ಸಿಗಲಿ ಎಂದು ಕಾಯುತ್ತಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು.

ಬಿಸಿಲು ಬಿದ್ದ ಒಂದು ದಿನ ರತ್ನಮಾಲಾ ಬಣ್ಣ ಹಾಕಿದ ನೂಲಿನ ಲಡಿಗಳನ್ನು ತಂದು ಆ ತಗಡಿನ ಬೇಲಿಯ ಮೇಲೆ ಒಣಹಾಕಿದಳು. ಕಾವಲುಗಾರ ಓಡಿಬಂದ. ಇದು ಖಾಸಗಿ ಜಾಗ, ಮಾಲಕರು ಬೈಯುತ್ತಾರೆ ಎಂದ.

“ಮಾಲಕನ್ನ ಬರಾಕ ಹೇಳು,” ಎಂದಳು ಅವಳು. “ಚಹಾ ಕೊಡ್ತೀನಿ. ಗಲ್ಲಿ ಕೊಡೂದಿಲ್ಲ.”

ಅವನು ಫೋನು ಹುಡುಕಲು ಒಳಗೆ ಹೋದ. ಅಷ್ಟರಲ್ಲಿ ಎದುರುಮನೆಯ ಹೆಂಗಸರೂ ತಮ್ಮ ಲಡಿಗಳನ್ನು ಹೊತ್ತು ತಂದರು.