ಬೈಯುವ ಮುಂಚೆ ಒಂದು ಫೋನು

ರುದ್ರೇಶ ಪತ್ರಿಕೆಯ ಕೆಲಸ ಬಿಟ್ಟು ರಾಜಕೀಯಕ್ಕಿಳಿದಾಗ ಬಸವೇಶ್ವರನಗರದ ಅವನ ಬಾಡಿಗೆ ಮನೆ ಮುಂದೆ ಎಷ್ಟು ಬಿಳಿ ಷರಟು ಒಣಗುತ್ತಿದ್ದವೆಂದರೆ, ಹೊಸ ಆಸ್ಪತ್ರೆ ಶುರುವಾಗಿದೆಯೆಂದು ಬೀದಿಯವರು ಕೆಮ್ಮಿಕೊಂಡು ಬಂದರು.

ಷರಟು ಬಂದರೂ ಟಿಕೆಟ್ ಬಂದಿರಲಿಲ್ಲ. 2004ರ ಚುನಾವಣೆ ಹತ್ತಿರವಾಗಿತ್ತು. "ಹೆಗ್ಗನಹಳ್ಳಿಲಿ ಒಂದು ಸಭೆ ಮಾಡು. ಜನ ಕೂತು ಕೇಳಿದ್ರೆ ಟಿಕೆಟ್ ನಿಂದು. ಎದ್ದೋದ್ರೆ ವಾಪಸ್ ಪೇಪರ್‌ಗೇ ಹೋಗು" ಎಂದಿದ್ದ ಪಕ್ಷದ ಮುಖಂಡ ನಂಜುಂಡಪ್ಪ. ಪೇಪರಿನಲ್ಲಿ ರುದ್ರೇಶನ ಕುರ್ಚಿಗೆ ಆಗಲೇ ಬೇರೊಬ್ಬ ಬಂದು ಕೂತಿದ್ದ.

ಹೆಗ್ಗನಹಳ್ಳಿಯ ಬೋರ್‌ವೆಲ್ ಮೋಟರ್ ಸುಟ್ಟು ಎಷ್ಟು ಕಾಲವಾಗಿತ್ತೆಂದರೆ, ಬೀದಿ ನಲ್ಲಿಯೊಳಗಿನ ಜೇಡ ಮರಿಮಕ್ಕಳನ್ನು ಕಂಡಿತ್ತು. ಇದೇ ಮಾತೆತ್ತಿ ಎದುರು ಪಕ್ಷದ ಶಾಸಕ ವೆಂಕಟರಮಣಪ್ಪನ ನೀರಿಳಿಸಬೇಕೆಂದು ರುದ್ರೇಶ ಭಾಷಣ ಬರೆದ. ಬರೆದ ಮೇಲೆ ವರದಿಗಾರನ ಕೈ ಸುಮ್ಮನಿದ್ದೀತೇ? ಯಾರ ಮೇಲೆ ಆರೋಪ ಮಾಡಿದರೂ ಅವರನ್ನೊಂದು ಮಾತು ಕೇಳದೆ ಸುದ್ದಿ ಕಳಿಸಿದವನಲ್ಲ. ಶಾಸಕನಿಗೆ ಫೋನ್ ಮಾಡಿಯೇಬಿಟ್ಟ.

"ಸಾರ್, ನಾಳೆ ಸಾಯಂಕಾಲ ನೀರಿನ ವಿಷ್ಯಕ್ಕೆ ನಿಮ್ಮನ್ನ ಬೈತಾ ಇದೀನಿ. ನಿಮ್ಮ ಪ್ರತಿಕ್ರಿಯೆ?"

"ಹೇಳಿದ್ದು ಒಳ್ಳೇದಾಯ್ತು ಕಣಪ್ಪ" ಎಂದು ವೆಂಕಟರಮಣಪ್ಪ ಫೋನಿಟ್ಟ.

ಮರುದಿನ ಸಭೆಗೆ ಊರಿಗೆ ಊರೇ ಬಂದಿತ್ತು. ರುದ್ರೇಶ ಮೈಕ್ ಹಿಡಿದು, "ಒಂದು ತೊಟ್ಟು ನೀರಿಲ್ಲ!" ಎಂದು ಗರ್ಜಿಸಿದ್ದೇ ತಡ, ಪಕ್ಕದ ನಲ್ಲಿ ಭುಸ್ಸೆಂದಿತು. ನೀರು ಬಂದ ರಭಸಕ್ಕೆ ಶಾಮಿಯಾನ ತೇಲಿಕೊಂಡು ಸುಂಕದಕಟ್ಟೆ ಸೇರದಿದ್ದುದೇ ಪುಣ್ಯ. ಹೆಂಗಸರೆಲ್ಲ ಕೊಡ ತರಲು ಓಡಿದರು, ಗಂಡಸರು ಅವರ ಹಿಂದೆ. ಉಳಿದವನು ನಂಜುಂಡಪ್ಪನೊಬ್ಬನೇ.

"ಮೋಟರ್ ಯಾವಾಗ ರಿಪೇರಿ ಆಯ್ತೋ?"

"ಇವತ್ತು ಬೆಳಿಗ್ಗೆ ಇರ್ಬೇಕು ಸಾರ್. ಬೈತೀನಿ ಅಂತ ನಿನ್ನೆ ನಾನೇ ಫೋನ್ ಮಾಡಿ ಹೇಳಿದ್ದೆ."

"ಬೈಸ್ಕೊಳೋನಿಗೆ ಮೊದ್ಲೇ ಹೇಳಿ ಬೈತಾರೇನೋ! ಟಿಕೆಟ್ ಮರ್ತುಬಿಡು."

ರುದ್ರೇಶನ ಷರಟಿನ ಗಂಜಿಯೆಲ್ಲ ಇಳಿದುಹೋಯಿತು. ಆದರೆ ಮೈಕ್ ಆರಿಸಿರಲಿಲ್ಲ. ಮಾತೆಲ್ಲ ನಲ್ಲಿ ಮುಂದೆ ಕೊಡ ಹಿಡಿದು ಸಾಲು ನಿಂತವರಿಗೂ ಕೇಳಿತ್ತು. ತುಂಬಿದ ಕೊಡ ಸೊಂಟಕ್ಕೇರಿಸಿಕೊಂಡು ಆ ಬೀದಿಯ ಶಿವಗಂಗಮ್ಮ ವೇದಿಕೆಗೇ ಬಂದಳು.

"ಏನ್ ಯಜಮಾನ್ರೇ, ಎಮ್ಮೆಲ್ಲೆ ಆಫೀಸಿಗೆ ಅಲೆದೂ ಅಲೆದೂ ನಮ್ ಕಾಲು ಮೊಣಕಾಲ್ಗಂಟ ಸವೆದೋಯ್ತು. ಈವಪ್ಪ ಒಂದು ಫೋನ್ ಮಾಡಿದ್ದಕ್ಕೆ ನೀರು ಬಂತು. ಇವನ್ಗೆ ಟಿಕೆಟ್ ಕೊಡ್ದೆ ಹೋದ್ರೆ ನೋಡಿ, ಈ ಕೊಡ ನಿಮ್ ತಲೆ ಮೇಲೆ!"

"ಹೂಂ ಮತ್ತೆ!" ಎಂದಿತು ನಲ್ಲಿಯ ಸಾಲು.

ನಂಜುಂಡಪ್ಪ ಆ ಕೊಡಗಳನ್ನೆಲ್ಲ ನೋಡಿದ. ಮೈಕಿನ ತಂತಿ ಕಿತ್ತು, ದನಿ ತಗ್ಗಿಸಿದ.

"ಟಿಕೆಟ್ ನಿಂದೇ ಕಣೋ. ನಾಳೆ ಹಿಂದಿನ ಬೀದೀಲಿ ಚರಂಡಿ ವಿಷ್ಯ ಮಾತಾಡ್ಬೇಕು. ಇನ್ನೂ ಯಾಕ್ ನಿಂತಿದೀಯ? ವೆಂಕಟರಮಣಪ್ಪಂಗೆ ಫೋನ್ ಮಾಡು!"