ತಲೆ ಎತ್ತಬೇಡಿ

ಚೆಂಡಿನ ಬಿಳಿ ಮೈಮೇಲೆ ಒಂದು ಇರುವೆ, ಹತ್ತಿತು, ಜಾರಿತು, ಮತ್ತೆ ಹತ್ತುತ್ತಿದೆ, ಹತ್ತಲಿ ಪಾಪ, ಅದಕ್ಕೂ ಯಾರೋ ಮೇಷ್ಟ್ರು ಗಂಟುಬಿದ್ದಿರಬೇಕು — ಮೊಣಕಾಲು ಸಡಿಲ, ಮೊಣಕೈ ನೇರ, ಏನಾದ್ರೂ ಆಗ್ಲಿ ಸಾರ್, ತಲೆ ಮಾತ್ರ ಎತ್ತಬೇಡಿ, ಹಿಂದಿನಿಂದ ಕೋಚ್ ಹೇಳುತ್ತಾನೆ, ಮೂರು ತಿಂಗಳಿಂದ ಅದೇ ಮಂತ್ರ, ಐವತ್ತೆರಡರಲ್ಲಿ ಔಷಧಿ ಅಂಗಡಿಯವನಿಗೆ ಯಾಕೆ ಬೇಕಿತ್ತು ಗಾಲ್ಫು, ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋ ಆಟ ಎಂದು ಅಣ್ಣನನ್ನು ರೇಗಿಸುತ್ತಿದ್ದವನು ತಾನೇ ಅಲ್ಲವೇ, ಈಗ ಅಣ್ಣನ ಕೋಲುಗಳು, ಅಣ್ಣನ ಕೋಚ್, ಚೆಂಡು ಹೊಡೆಯೋ ಸಾಲಿನಲ್ಲಿ ಅಣ್ಣ ಕುಸಿದುಬಿದ್ದ ಇದೇ ಏಳನೇ ಚಾಪೆ, ಬೇರೆ ಚಾಪೆ ಖಾಲಿ ಇದೆಯಲ್ಲಾ ಸಾರ್ ಎಂದು ಕೋಚ್ ಅಂದರೂ ಇವನು ಬೇಡ ಎನ್ನುತ್ತಾನೆ. ಗ್ಲೌಸು ಕೂಡ ಅಣ್ಣನದೇ, ನಿನ್ನೆಯಿಡೀ ಬಿಸಿಲಲ್ಲಿ ಒಣಗಿಸಿದ್ದ, ಇವತ್ತು ಕೈ ತೂರಿಸಿದರೆ ಒಳಗೆ ಒದ್ದೆ, ಯಾರೋ ಆಗತಾನೇ ಕೈ ಬಿಡಿಸಿಕೊಂಡ ಹಾಗೆ ಬೆಚ್ಚಗೆ. ಭುಜ ತಿರುಗಲಿ, ಸೊಂಟ ಆಮೇಲೆ — ಆವತ್ತೂ ಇವನು ಹೀಗೇ ಬಗ್ಗಿದ್ದ, ಅಂಗಡಿಯ ಗಾಜಿನ ಕೌಂಟರಿನ ಮೇಲೆ, ಮಾತ್ರೆ ಸ್ಟ್ರಿಪ್ಪು ಕತ್ತರಿಸುತ್ತಾ, ಎದುರಿಗೊಂದು ಅಂಗೈ ಬಂದು ಊರಿತು, ಎದೆ ಯಾಕೋ ಹಿಡ್ಕೊಂಡ ಹಾಗಿದೆ ಕಣೋ ಎಂದ ಅಣ್ಣ, ಗ್ಯಾಸು, ಇದನ್ನ ಚೀಪ್ಕೊಂಡು ಹೋಗಿ ನಿನ್ನ ಹುಲ್ಲು ಕೆರಿ ಎಂದ ಇವನು, ತಲೆ ಎತ್ತದೆ. ಅಂಗೈ ಹೋಯಿತು, ಗಾಜಿನ ಮೇಲೆ ಅದರ ಒದ್ದೆ ಗುರುತು ಉಳಿಯಿತು, ಐದೂ ಬೆರಳು, ಬಟ್ಟೆ ತೆಗೆದುಕೊಂಡು ಒರೆಸಿದ, ಒರೆಸಿಬಿಟ್ಟನಲ್ಲ, ಅಷ್ಟು ಬೆವರು ಯಾವ ಗ್ಯಾಸಿಗೆ ಬರುತ್ತದೆ, ಒಂದು ಸಲ ಮುಖ ನೋಡಿದ್ದರೆ ಸಾಕಿತ್ತು, ಎಷ್ಟು ಜನರನ್ನು ಮುಖ ನೋಡಿಯೇ ಆಸ್ಪತ್ರೆಗೆ ಅಟ್ಟಿಲ್ಲ, ಅರ್ಧ ಗಂಟೆಯಲ್ಲಿ ಇಲ್ಲಿಂದ ಫೋನು ಬಂತು, ಅಣ್ಣ ಹೋಗಿಬಿಟ್ಟ ಎಂದು, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅತ್ತಿಗೆಗೆ ಇನ್ನೂ ಹೇಳಿಲ್ಲ.

ಇಲ್ಲಿ ಅದು ಕಾಣಿಸಿದ್ದು ಎರಡನೇ ವಾರ, ತಲೆ ಮೊದಲ ಸಲ ಅಲುಗದೆ ನಿಂತ ದಿನ, ಚೆಂಡಿನ ಆಚೆ, ಹಸಿರು ಚಾಪೆಯ ಮೇಲೆ, ಒದ್ದೆ ಅಂಗೈ — ಬೆಚ್ಚಿ ತಲೆ ಎತ್ತಿದ, ಹೋಯಿತು. ಅದನ್ನು ಉಳಿಸಿಕೊಳ್ಳಲೆಂದೇ ಕಲಿತ, ದಿನಕ್ಕೆ ಇನ್ನೂರು ಚೆಂಡು, ಮನೆಯಲ್ಲಿ ಹಣೆಯನ್ನು ಗೋಡೆಗೆ ಒತ್ತಿಕೊಂಡು ಅಭ್ಯಾಸ, ತಲೆ ಬಂಡೆ ಆಗಿದೆ ಸಾರ್ ಎಂದು ಕೋಚ್ ಮೊನ್ನೆ ಚಪ್ಪಾಳೆ ತಟ್ಟಿದ. ಇರುವೆ ಓಡಿತು, ಬಂತು, ಅಂಗೈ ಬಂತು, ಇವತ್ತು ಅದರ ಹಿಂದೆ ಮಣಿಕಟ್ಟೂ ಇದೆ, ತೋಳೂ ಇದೆ, ಯಾರೋ ಎದುರಿಗೆ ಬಗ್ಗಿದ್ದಾರೆ, ಉಸಿರು ಹಣೆಗೆ ತಾಗುತ್ತಿದೆ, ನೋಡಬೇಕು, ಈ ಸಲ ಮುಖ ನೋಡಲೇಬೇಕು, ನೋಡಿ ತಪ್ಪಾಯ್ತು ಅನ್ನಬೇಕು, ಚೆಂಡು ಹಾಳಾಗಿ ಹೋಗಲಿ, ಇರು ಅಣ್ಣಾ, ನೋಡ್ತೀನಿ ಇರು — ಕತ್ತು ಏಳಲಿಲ್ಲ. ಮತ್ತೆ ಎತ್ತಲು ನೋಡಿದ, ಏಳಲೊಲ್ಲದು, ಕಲಿತದ್ದು ಮೈಗೆ ಹತ್ತಿಬಿಟ್ಟಿದೆ, ಭೇಷ್ ಸಾರ್, ಹಾಗೇ ಇರಿ ಎನ್ನುತ್ತಿದ್ದಾನೆ ಕೋಚ್, ಎದುರಿನ ಉಸಿರು ತಡೆತಡೆದು ಬರುತ್ತಿದೆ, ಬರುತ್ತಿಲ್ಲ, ಕಣ್ಣ ಮುಂದೆ ಅಂಗೈ, ಒದ್ದೆ ಅಂಗೈ, ಐದು ಬೆರಳು, ಊರಿದ ಐದು ಬೆರಳು.